ಹೆಸರಿನ ಸಾಲು ಮಾತ್ರ ಮಬ್ಬು: ಹಳೆಯ ಹೀಟ್ ಪ್ರೆಸ್ ರಿಪೇರಿ

ಶಿಡ್ಲಘಟ್ಟದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬರುವುದೆಲ್ಲ ಬೋರ್ ಮೋಟಾರುಗಳು, ನೂಲು ಬಿಚ್ಚುವ ಘಟಕಗಳ ಸಣ್ಣ ಮೋಟಾರುಗಳು. ಇದು ಆ ಜಾತಿಯ ಕೆಲಸವಲ್ಲ. ಟಿ-ಶರ್ಟು, ಜೆರ್ಸಿಗಳ ಮೇಲೆ ಚಿತ್ರ ಒತ್ತುವ ಹೀಟ್ ಪ್ರೆಸ್. 400 ಎಂ.ಎಂ. ಅಗಲ, 600 ಎಂ.ಎಂ. ಉದ್ದದ ತಟ್ಟೆ, ಕೈಯಿಂದ ಒತ್ತುವ ಹಿಡಿ, ಬಾಯಿ ತೆರೆಯುವ ಮಾದರಿ. ಲೋಕಲ್ ಫ್ಯಾಬ್ರಿಕೇಶನ್, ಮೈಮೇಲೆ ಕಂಪನಿಯ ಹೆಸರೂ ಇಲ್ಲ. ನಮ್ಮ ಬೀದಿಯ ಟೈಲರಿಂಗ್ ಅಕ್ಕ ಯಾರೋ ಅಂಗಡಿ ಮುಚ್ಚುವಾಗ ಕೊಂಡುಕೊಂಡಿದ್ದರು.

ದೂರು ಹೀಗಿತ್ತು: ಜೆರ್ಸಿಯ ನಂಬರು ಚೆನ್ನಾಗಿ ಬರುತ್ತದೆ, ಅದರ ಮೇಲಿನ ಹೆಸರಿನ ಸಾಲು ಮಾತ್ರ ಮಬ್ಬು. ಕಪ್ಪು ಕಪ್ಪಾಗಿ ನಿಲ್ಲದೆ ಕಂದಿಗೆ ತಿರುಗುತ್ತದೆ.

"ಪೇಪರ್ ಕೊಡೋನು ಕಳಪೆ ಮಾಲು ಕೊಡ್ತಾವ್ನೆ ಅಣ್ಣ. ಇಂಕೂ ಬದಲಾಯಿಸಿ ನೋಡ್ದೆ. ಊಹೂಂ."

"ಅಕ್ಕ, ಪೇಪರ್ ಕಳಪೆ ಆಗಿದ್ರೆ ಇಡೀ ಚಿತ್ರ ಕೆಡಬೇಕಲ್ವಾ? ಒಂದು ಪಟ್ಟಿ ಮಾತ್ರ ಯಾಕೆ ಕೆಡುತ್ತೆ?"

ಪೇಪರನ್ನು ಅಡ್ಡ ತಿರುಗಿಸಿ ಒಂದು ಹಳೆಯ ಬಟ್ಟೆಯ ಮೇಲೆ ಒತ್ತಿಸಿದೆ. ಚಿತ್ರ ತಿರುಗಿತು, ಮಬ್ಬು ತಿರುಗಲಿಲ್ಲ. ಮೆಷಿನ್ನಿನ ಹಿಂಭಾಗದಲ್ಲೇ, ಒಂದು ಗೇಣಿಗೂ ಕಡಿಮೆ ಅಗಲದ ಪಟ್ಟಿಯಾಗಿ ಉಳಿಯಿತು. ಅಂಗಿಯ ಕತ್ತು ಹಿಂದಕ್ಕೆ ಬರುವಂತೆ ಹಾಸುತ್ತಾರಾದ್ದರಿಂದ ಹೆಸರಿನ ಸಾಲಿಗೇ ಪೆಟ್ಟು. ಇನ್ನು ಇಂಕಿನವನನ್ನು ಬಯ್ಯುವ ಹಾಗಿರಲಿಲ್ಲ.

ಈ ಮುದ್ರಣದ ಗುಟ್ಟು ಶಾಖದಲ್ಲೇ ಇದೆ. ಪೇಪರಿನ ಮೇಲಿರುವುದು ಡಿಸ್ಪರ್ಸ್ ಬಣ್ಣ. ಸುಮಾರು 180ರಿಂದ 210 ಡಿಗ್ರಿ ಶಾಖದಲ್ಲಿ ಅದು ಕರಗಿ ಹರಿಯದೆ ನೇರ ಆವಿಯಾಗುತ್ತದೆ. ಅದೇ ಶಾಖಕ್ಕೆ ಪಾಲಿಯೆಸ್ಟರ್ ಎಳೆಯೂ ಒಳಗೆ ಸಡಿಲಾಗಿರುತ್ತದೆ. ಆವಿ ಎಳೆಯೊಳಗೆ ಹೊಕ್ಕು, ತಣ್ಣಗಾದ ಮೇಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಎಷ್ಟು ಒಗೆದರೂ ಹೋಗುವುದಿಲ್ಲ, ಬೆರಳಾಡಿಸಿದರೆ ಕೈಗೂ ಸಿಗುವುದಿಲ್ಲ. 1950ರ ದಶಕದಲ್ಲಿ ಫ್ರಾನ್ಸಿನ ನೋಯೆಲ್ ದ ಪ್ಲಾಸ್ ಬಟ್ಟೆಗೆ ಹೊಂದಿಸಿದ ವಿದ್ಯೆ ಇದು. ಸೀರೆಯ ಥಾನುಗಳಿಗೆ ಇದೇ ಕೆಲಸವನ್ನು ಕ್ಯಾಲೆಂಡರ್ ಮೆಷಿನ್ ಮಾಡುತ್ತದೆ: ಬಿಸಿ ಎಣ್ಣೆ ತುಂಬಿದ ದೊಡ್ಡ ಉರುಳೆ, ಅದಕ್ಕೆ ಬಟ್ಟೆಯನ್ನೂ ಪೇಪರನ್ನೂ ಅಮುಕಿ ಹಿಡಿಯುವ ಫೆಲ್ಟ್ ಕಂಬಳಿ. ನಮ್ಮದು ಅದರ ಬಡ ತಮ್ಮ. ಎರಡಕ್ಕೂ ಬೇಕಾದದ್ದು ಮೂರೇ, ಶಾಖ, ಒತ್ತಡ, ಹೊತ್ತು. ಇಪ್ಪತ್ತು ಡಿಗ್ರಿ ಕಡಿಮೆಯಾದ ಜಾಗದಲ್ಲಿ ಬಣ್ಣ ಅರ್ಧ ಪೇಪರಿನಲ್ಲೇ ಉಳಿಯುತ್ತದೆ. ಮಬ್ಬು ಪಟ್ಟಿಯ ಪೇಪರನ್ನು ಎತ್ತಿ ನೋಡಿದರೆ ಚಿತ್ರ ಇನ್ನೂ ಗಾಢವಾಗಿಯೇ ಕಾಣುತ್ತಿತ್ತು.

ಅಳತೆ

ಲೇಸರ್ ಚುಕ್ಕಿಯ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ತಟ್ಟೆಗೆ ತೋರಿಸುವವರೇ ಹೆಚ್ಚು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಯಂತ್ರ ಸುಳ್ಳು ಹೇಳುತ್ತದೆ. 200 ಡಿಗ್ರಿ ಇರುವ ತಟ್ಟೆಯನ್ನು ತೊಂಬತ್ತೋ ನೂರೋ ಎಂದು ತೋರಿಸಿಬಿಡುತ್ತದೆ, ಏಕೆಂದರೆ ಹೊಳಪಿನ ಲೋಹ ತನ್ನ ಶಾಖವನ್ನು ಕಿರಣವಾಗಿ ಬಿಡುವುದೇ ಕಡಿಮೆ. ಅದನ್ನೇ ಬಳಸಬೇಕೆಂದರೆ ಶಾಖ ತಡೆಯುವ ಕಂದು ಪಾಲಿಇಮೈಡ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ನೋಡಬೇಕು. ನಾನು ಮಲ್ಟಿಮೀಟರಿನ ಜೊತೆ ಬರುವ, ತುದಿಯಲ್ಲಿ ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂತಿಯನ್ನೇ ನಂಬಿದೆ. ಬಟ್ಟೆಯ ಎರಡು ಮಡಿಕೆಯ ನಡುವೆ ಅದರ ತುದಿಯಿಟ್ಟು, ಪ್ರೆಸ್ ಮುಚ್ಚಿ, ಒಂದು ನಿಮಿಷ ಕಾದು ಓದುವುದು. ಬಟ್ಟೆಗೆ ಎಷ್ಟು ಬಿಸಿ ತಲುಪುತ್ತದೆ ಎನ್ನುವುದೇ ನಮಗೆ ಬೇಕಾದ ಲೆಕ್ಕ.

ತಟ್ಟೆಯನ್ನು ಒಂಬತ್ತು ಮನೆಗಳಾಗಿ ಭಾಗಿಸಿ ಅಳೆದೆ. ನಡುವೆ 203. ಮುಂದಿನ ಸಾಲಿನಲ್ಲಿ 194ರ ಆಸುಪಾಸು. ಹಿಂದಿನ ಸಾಲಿನಲ್ಲಿ 171, ಮೂಲೆಯಲ್ಲಿ ಅದಕ್ಕೂ ಕಡಿಮೆ. ಗುಂಡಿಯ ಮೇಲಿನ ಮುಳ್ಳು ಮಾತ್ರ ನಿಶ್ಚಿಂತೆಯಿಂದ 200 ಎನ್ನುತ್ತಿತ್ತು.

ಆಮೇಲೆ ಕರೆಂಟಿನ ಲೆಕ್ಕ. ಹಿಂದಿನ ಮುಚ್ಚಳದ ಮೇಲೆ ಯಾರೋ ಮಾರ್ಕರಿನಲ್ಲಿ 2200 ವ್ಯಾಟ್ ಎಂದು ಬರೆದಿದ್ದರು. 230 ವೋಲ್ಟಿಗೆ ಅದು 9.6 ಆಂಪಿಯರ್ ಎಳೆಯಬೇಕು. ಟಾಂಗ್ ಟೆಸ್ಟರ್ ಹಾಕಿದರೆ 7.2. ಪ್ಲಗ್ ಕಿತ್ತು ಓಮ್ ನೋಡಿದರೆ 24 ಬರಬೇಕಾದ ಕಡೆ 32. ಪೆಟ್ಟಿಗೆ ಬಿಚ್ಚುವ ಮೊದಲೇ ಉತ್ತರ ಸಿಕ್ಕಿತು: ಒಳಗೆ ನಾಲ್ಕು ಹೀಟರುಗಳು ಪ್ಯಾರಲಲ್ ಇವೆ, ಒಂದೊಂದೂ 96 ಓಮ್, ಒಂದು ಸತ್ತಿದೆ. ಮೂರು 96 ಪ್ಯಾರಲಲ್ ಆದರೆ ಸರಿಯಾಗಿ 32.

ಅದೇ ಹೊತ್ತಿಗೆ ಅಕ್ಕನ ಇನ್ನೊಂದು ದೂರಿಗೂ ಕಾರಣ ಸಿಕ್ಕಿತು. "ಸಾಯಂಕಾಲ ಹಾಕಿದ್ರೆ ಕಾಯೋದೇ ಇಲ್ಲ" ಎನ್ನುತ್ತಿದ್ದರು. 20 ಎಂ.ಎಂ. ದಪ್ಪದ ಈ ಅಲ್ಯೂಮಿನಿಯಂ ತಟ್ಟೆ ಸುಮಾರು 13 ಕೆ.ಜಿ. ತೂಗುತ್ತದೆ. ಅದನ್ನು 25ರಿಂದ 200 ಡಿಗ್ರಿಗೆ ಏರಿಸಲು ಪೂರ್ತಿ 2200 ವ್ಯಾಟ್ ಇದ್ದರೂ, ಹೊರಗೆ ಸೋರುವ ಶಾಖ ಬಿಟ್ಟು, ಹದಿನೈದು ನಿಮಿಷ ಬೇಕು. ಸಂಜೆ ಅವರ ಮನೆಯ ಪಾಯಿಂಟಿನಲ್ಲಿ 190 ವೋಲ್ಟ್. ವೋಲ್ಟೇಜ್ ಇಳಿದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಒಂದಿಷ್ಟು ಮೇಲೆ. ಜೊತೆಗೆ ಒಂದು ಹೀಟರ್ ಇಲ್ಲ. ಎರಡೂ ಸೇರಿದರೆ ಉಳಿಯುವುದು 1100 ವ್ಯಾಟ್ ಚಿಲ್ಲರೆ. ಅರ್ಧ ಗಂಟೆಯಾದರೂ ಕಾಯದೆ ಇರುವುದರಲ್ಲಿ ಆಶ್ಚರ್ಯವೇನು?

ಬಿಚ್ಚಿದ್ದು

ಮೇಲಿನ ಮುಚ್ಚಳದ ಕೆಳಗೆ ಬೂದು ಬಣ್ಣದ ಮೆತ್ತನೆ ಹಲಗೆ ಇತ್ತು. ಹಳೆಯ ಮೆಷಿನ್ನುಗಳಲ್ಲಿ ಇಂಥದ್ದು ಕಂಡರೆ ಆಸ್ಬೆಸ್ಟಾಸ್ ಎಂದೇ ಲೆಕ್ಕ ಹಿಡಿಯಬೇಕು. ಕೆರೆಯಬಾರದು, ಊದಬಾರದು, ಬ್ಲೋವರ್ ಅಂತೂ ಹತ್ತಿರ ತರಬಾರದು. ನೀರು ಸಿಂಪಡಿಸಿ ನೆನೆಸಿ, ಮಾಸ್ಕ್ ಕಟ್ಟಿ, ತುಂಡಾಗದಂತೆ ಎತ್ತಿ ಎರಡು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟೆ. ಅಂಗಡಿಯ ಹುಡುಗನನ್ನು ಅಷ್ಟು ಹೊತ್ತು ಹೊರಗೇ ನಿಲ್ಲಿಸಿದ್ದೆ.

ಅದರಡಿ ನಾಲ್ಕು ಮೈಕಾ ಸ್ಟ್ರಿಪ್ ಹೀಟರುಗಳು (ಅಭ್ರಕದ ಹಾಳೆಗಳ ನಡುವೆ ತಂತಿ ಸುತ್ತಿದ ಪಟ್ಟಿಗಳು), ತಟ್ಟೆಯ ಉದ್ದಕ್ಕೂ ಸಾಲಾಗಿ. ಎರಕದ ತಟ್ಟೆಯೊಳಗೇ ಹೀಟರ್ ಹುದುಗಿಸಿದ ಮೆಷಿನ್ನುಗಳಾಗಿದ್ದರೆ ತಟ್ಟೆಯನ್ನೇ ಬದಲಿಸಬೇಕಿತ್ತು. ಲೋಕಲ್ ಮಾಲಿನ ಒಂದು ಪುಣ್ಯ ಇದು, ಬೋಲ್ಟು ಬಿಚ್ಚಿದರೆ ಎಲ್ಲ ಬೇರೆಯಾಗುತ್ತದೆ. ಹಿಂದಿನ ಹೀಟರ್ ನಡುವೆ ಉಬ್ಬಿ ಸುಟ್ಟು ಬೆಳ್ಳಗಾಗಿತ್ತು. ಅದನ್ನು ಅಮುಕಿ ಹಿಡಿಯುವ ಕಬ್ಬಿಣದ ಪಟ್ಟಿಯ ಎರಡು ಬೋಲ್ಟುಗಳು ಬೆರಳಲ್ಲೇ ತಿರುಗಿದವು.

ಸಾವಿಗೆ ಕಾರಣ ಆ ಬೋಲ್ಟುಗಳೇ. ಮೈಕಾ ಹೀಟರ್ ತಟ್ಟೆಗೆ ಬಿಗಿಯಾಗಿ ಕಚ್ಚಿಕೊಂಡಿರುವವರೆಗೆ ಅದರ ಶಾಖವನ್ನು ತಟ್ಟೆ ಎಳೆದುಕೊಳ್ಳುತ್ತದೆ. ನಡುವೆ ಗಾಳಿ ಸೇರಿದರೆ ಶಾಖ ಹೋಗಲು ದಾರಿಯಿಲ್ಲದೆ ತಂತಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಹೊಸ ಹೀಟರ್ ಹಾಕಿ ಒಂದು ಸಲ ಬಿಗಿ ಮಾಡಿ ಮುಚ್ಚಿಬಿಡುವವರ ಕೈಯಲ್ಲಿ ಆಗುವುದು ಇದೇ. ಒಮ್ಮೆ ಪೂರ್ತಿ ಕಾಯಿಸಿ, ತಣ್ಣಗಾದ ಮೇಲೆ ಮತ್ತೆ ಬಿಗಿ ಮಾಡಲೇಬೇಕು. ಮೊದಲ ಕಾವಿಗೆ ಎಲ್ಲ ಪದರಗಳೂ ಕೂತುಕೊಂಡು ಬೋಲ್ಟ್ ಸಡಿಲಾಗುತ್ತದೆ.

ಹೀಟರಿಗೆ ಹೋಗುವ ವೈರಿನ ತಾಮ್ರದ ಲಗ್‌ಗಳು ಕಪ್ಪಾಗಿ ಪುಡಿಯಾಗುತ್ತಿದ್ದವು. ಒಂದು ಕಡೆ ಸಾಮಾನ್ಯ ಪಿವಿಸಿ ವೈರನ್ನೇ ಜೋಡಿಸಿ ಟೇಪು ಸುತ್ತಿದ್ದರು. ಆ ಟೇಪು ಈಗ ಇದ್ದಿಲು. ಥರ್ಮೋಸ್ಟಾಟ್ ಕ್ಯಾಪಿಲರಿ ಟ್ಯೂಬಿನದ್ದು, ಅದರ ಕಾಂಟಾಕ್ಟುಗಳು ಹತ್ತು ಆಂಪಿಯರನ್ನು ನೇರ ಹೊತ್ತು ಹೊತ್ತು ಕುಳಿ ಬಿದ್ದಿದ್ದವು. ಕರೆಂಟ್ ಮೈಗೆ ಸೋರುತ್ತದೆಯೇ ಎಂದು ನೋಡುವ ಮೆಗ್ಗರ್ ಹಾಕಿದರೆ ಅರ್ಧ ಮೆಗಾಓಮೂ ಬರಲಿಲ್ಲ, ಅಂದರೆ ಸೋರುತ್ತಿದೆ. "ಒದ್ದೆ ಕಾಲಲ್ಲಿ ಮುಟ್ಟಿದ್ರೆ ಜುಂ ಅನ್ನುತ್ತೆ" ಎಂದು ಅಕ್ಕ ಮೊದಲೇ ಹೇಳಿದ್ದರು, ನಗುತ್ತಾ. ಪ್ಲಗ್ಗಿನ ಅರ್ಥ್ ಪಿನ್ನಿಗೆ ವೈರೇ ಇರಲಿಲ್ಲ. ನಗುವ ವಿಷಯ ಅಲ್ಲವೇ ಅಲ್ಲ.

ಹೊಸ ಸಾಮಾನು

ನಾಲ್ಕೂ ಹೀಟರುಗಳನ್ನು ಬದಲಿಸುವುದೆಂದು ತೀರ್ಮಾನಿಸಿದೆ. ಉಳಿದ ಮೂರು ಅದೇ ವಯಸ್ಸಿನವು, ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಮುಚ್ಚಳ ಬಿಚ್ಚುವ ಉಮೇದು ನನಗಿಲ್ಲ. ಹೇಗೂ ಅಳತೆ ಕೊಟ್ಟು ಮಾಡಿಸುವುದಲ್ಲವೇ, ವ್ಯಾಟನ್ನು ಹಂಚುವ ರೀತಿ ಬದಲಿಸಿದೆ. ಮೊದಲು ನಾಲ್ಕೂ 550 ಇದ್ದವು. ತಟ್ಟೆಯ ಅಂಚು ಮೂರು ಕಡೆ ಗಾಳಿಗೆ ತೆರೆದಿರುವುದರಿಂದ ಅಲ್ಲಿ ಶಾಖ ಬೇಗ ಸೋರುತ್ತದೆ, ನಡುವೆ ಸೋರುವುದಿಲ್ಲ. ಎಲ್ಲಕ್ಕೂ ಸಮ ಕೊಟ್ಟರೆ ಅಂಚು ಯಾವಾಗಲೂ ಹಿಂದೆ. ಹೊರಗಿನ ಎರಡಕ್ಕೆ 650, ಒಳಗಿನ ಎರಡಕ್ಕೆ 450 ಮಾಡಿಸಿದೆ. ಒಟ್ಟು ಮತ್ತೆ 2200, ಹಾಗಾಗಿ ವೈರಿಂಗ್ ಲೆಕ್ಕ ಬದಲಾಗಲಿಲ್ಲ. ಬಂದ ಮೇಲೆ ಓಮ್ ಅಳೆದು, ಯಾವುದು ಯಾವುದೆಂದು ಸೀಮೆಸುಣ್ಣದಲ್ಲಿ ಬರೆದುಕೊಂಡೆ: 81 ಬಂದವು ಹೊರಗೆ, 118ರವು ಒಳಗೆ. ನೋಡಲು ನಾಲ್ಕೂ ಒಂದೇ ಥರ.

ಉಳಿದದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡು. ಶಾಖವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪಿಐಡಿ ಕಂಟ್ರೋಲರ್, ಕೆ ಟೈಪ್ ಥರ್ಮೋಕಪಲ್, ಹೀಟರನ್ನು ಹಚ್ಚಿ ಆರಿಸುವ 40 ಆಂಪಿಯರಿನ ಎಲೆಕ್ಟ್ರಾನಿಕ್ ಸ್ವಿಚ್ಚಾದ ಎಸ್‌ಎಸ್‌ಆರ್, ಅದರ ಶಾಖ ಎಳೆಯುವ ಹೀಟ್ ಸಿಂಕ್, ಕಾಯಿಲಿನ ಬಲದಿಂದ ಕೂಡುವ ದೊಡ್ಡ ಸ್ವಿಚ್ಚಾದ ಕಾಂಟಾಕ್ಟರ್, ಡಬಲ್ ಪೋಲ್ ಎಂಸಿಬಿ, ಫೈಬರ್‌ಗ್ಲಾಸ್ ಹೊದಿಕೆಯ ವೈರು, ಪಿಂಗಾಣಿ ಮಣಿಗಳು, ನಿಕ್ಕಲ್ ಲಗ್, 25 ಎಂ.ಎಂ. ಸೆರಾಮಿಕ್ ಉಣ್ಣೆ. ಕಂಟ್ರೋಲರ್ ಕೊಳ್ಳುವಾಗ ಒಂದು ಮಾತು: ಹೊರಗಿನಿಂದ ಎಲ್ಲ ಒಂದೇ ಮುಖ, ಒಳಗೆ ಕೆಲವಕ್ಕೆ ರಿಲೇ ಔಟ್‌ಪುಟ್, ಕೆಲವಕ್ಕೆ ಎಸ್‌ಎಸ್‌ಆರ್ ಔಟ್‌ಪುಟ್. ನಮಗೆ ಎರಡನೆಯದು ಬೇಕು, ಡಿಸಿ ವೋಲ್ಟ್ ಹೊರಬಿಡುವಂಥದ್ದು. ಪಕ್ಕದ ಚೀಟಿಯಲ್ಲಿ ವೈರಿಂಗ್ ಚಿತ್ರ ನೋಡದೆ ದುಡ್ಡು ಕೊಡಬೇಡಿ. ಎಸ್‌ಎಸ್‌ಆರ್ ಮೇಲೆ 40 ಎಂದು ಬರೆದದ್ದನ್ನು ನಾನು ಪೂರ್ತಿ ನಂಬುವುದಿಲ್ಲ, ಆದರೆ ಹತ್ತು ಆಂಪಿಯರಿನ ಕೆಲಸಕ್ಕೆ ಅದು ಸಾಕು. ಹತ್ತು ಆಂಪಿಯರಿಗೇ ಅದರೊಳಗೆ ಹನ್ನೆರಡು ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಹೀಟ್ ಸಿಂಕ್ ಇಲ್ಲದೆ ಬರಿಯ ತಗಡಿಗೆ ತಿರುಪು ಹಾಕಿ ಕೂರಿಸಿದರೆ ಬೇಸಿಗೆ ದಾಟುವುದಿಲ್ಲ.

ಎಸ್‌ಎಸ್‌ಆರ್ ಸಾಯುವಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಅಂದರೆ ಕಂಟ್ರೋಲರ್ ಸಾಕು ಎಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಬಟ್ಟೆ, ಪೇಪರ್, ಸ್ಪಾಂಜ್ ಎಲ್ಲ ಸುತ್ತ ಇರುವ ಮನೆಯಲ್ಲಿ ಇದು ಬೆಂಕಿಗೆ ದಾರಿ. ಅದಕ್ಕೇ ಕಾಂಟಾಕ್ಟರ್. ತಟ್ಟೆಯ ಎರಡನೇ ತೂತಿನಲ್ಲಿ ಬೇರೊಂದು ಕ್ಯಾಪಿಲರಿ ಥರ್ಮೋಸ್ಟಾಟ್ ಕೂರಿಸಿ, ಅದರ ಮೂಲಕ ಕಾಂಟಾಕ್ಟರಿನ ಕಾಯಿಲ್ ಹಾಯಿಸಿದೆ. 240 ಡಿಗ್ರಿ ದಾಟಿದರೆ ಕಾಂಟಾಕ್ಟರ್ ಬಿದ್ದು ಹೀಟರಿನ ಕರೆಂಟ್ ಕಡಿಯುತ್ತದೆ, ಕೆಂಪು ಗುಂಡಿಯನ್ನು ಕೈಯಿಂದ ಒತ್ತುವವರೆಗೆ ಮತ್ತೆ ಏಳುವುದಿಲ್ಲ. ತಾನಾಗಿ ಮತ್ತೆ ಶುರುವಾಗುವ ಮಾದರಿ ಇಲ್ಲಿ ಬೇಡ. "ಹಳೇದು ಇದ್ಯಲ್ಲಣ್ಣ, ಅದನ್ನೇ ಹಾಕ್ಬೋದಲ್ಲ?" ಎಂದರು ಅಕ್ಕ. ಕುಳಿ ಬಿದ್ದ ಕಾಂಟಾಕ್ಟ್ ಯಾವ ಗಳಿಗೆಯಲ್ಲಿ ಅಂಟಿಕೊಳ್ಳುತ್ತದೋ ಗೊತ್ತಿಲ್ಲ, ಅಂಥದ್ದನ್ನು ಕಾವಲಿಗೆ ನಿಲ್ಲಿಸಲು ನಾನು ಒಪ್ಪಲಿಲ್ಲ.

ಥರ್ಮೋಕಪಲ್ ಜೋಡಿಸುವಾಗ ಎರಡು ಎಚ್ಚರ. ತುದಿ ತೂತಿನ ತಳಕ್ಕೆ ತಾಗಿರಬೇಕು. ಅರ್ಧ ಜಾರಿದರೂ ಅದು ತಣ್ಣನೆ ಗಾಳಿ ಓದಿಕೊಂಡು, ತಟ್ಟೆಯನ್ನು ಸುಮ್ಮನೆ ಮೇಲೇರಿಸುತ್ತದೆ. ಎರಡನೆಯದು, ತಂತಿ ಸಾಲದೆ ಬಂದರೆ ಮಾಮೂಲಿ ತಾಮ್ರದ ವೈರು ಸೇರಿಸಬಾರದು. ಸೇರಿಸಿದ ಗಂಟು ತಟ್ಟೆಯ ಹತ್ತಿರ 80 ಡಿಗ್ರಿಯಲ್ಲಿದ್ದು, ಕಂಟ್ರೋಲರ್ 35ರಲ್ಲಿದ್ದರೆ, ನಡುವಿನ 45 ಡಿಗ್ರಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. 200 ಎಂದು ಕಾಣುವಾಗ ನಿಜವಾಗಿ 245 ಇರುತ್ತದೆ. ಪ್ಲಸ್ ಮೈನಸ್ ತಿರುಗಾಮುರುಗಾ ಆದರಂತೂ ಕಾದಷ್ಟೂ ಅಂಕಿ ಕೆಳಗಿಳಿಯುತ್ತದೆ, ಹೀಟರ್ ನಿಲ್ಲುವುದೇ ಇಲ್ಲ.

ಪ್ಲಗ್ 16 ಆಂಪಿಯರಿನದು ಹಾಕಿದೆ. ಅವರ ಮನೆಯ ಅರ್ಥ್ ಗುಂಡಿ ಹಿತ್ತಿಲಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ಕಡೆ ನೆಲ ಎಷ್ಟು ಒಣಗುತ್ತದೆಂದು ಸಾವಿರ ಅಡಿ ಬೋರು ಕೊರೆಸಿದವರಿಗೆಲ್ಲ ಗೊತ್ತು. ಉಪ್ಪು, ಇದ್ದಿಲು ಮತ್ತೆ ತುಂಬಿ, ಬೇಸಿಗೆಯಲ್ಲಿ ಆಗಾಗ ಕೊಡ ನೀರು ಸುರಿಯಲು ಹೇಳಿದೆ.

ಒತ್ತಡ

ಶಾಖ ಸರಿಯಾಯಿತೆಂದು ಚಿತ್ರ ಸರಿಯಾಗುವುದಿಲ್ಲ. ಮೆಷಿನ್ ತಣ್ಣಗಿರುವಾಗಲೇ ಬಿಳಿ ಹಾಳೆಗಳ ನಡುವೆ ಕಾರ್ಬನ್ ಪೇಪರ್ ಹಾಸಿ ಮುಚ್ಚಿದೆ. ಬಿಸಿಯಿದ್ದಾಗ ಮಾಡಿದರೆ ಕಾರ್ಬನ್ನಿನ ಮೇಣ ಕರಗಿ ಎಲ್ಲ ಕಪ್ಪಾಗುತ್ತದೆ. ಮುಂಭಾಗದಲ್ಲಿ ಗುರುತು ಗಾಢ, ಎಡ ಹಿಂದಿನ ಮೂಲೆಯಲ್ಲಿ ಬರೀ ಬೆಳ್ಳಗೆ. ಕೆಳಗಿನ ಸಿಲಿಕೋನ್ ಸ್ಪಾಂಜು ನಡುವೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು, ದಿನವೂ ಒಂದೇ ಜಾಗದಲ್ಲಿ ನಂಬರು ಒತ್ತಿದ್ದರ ಫಲ. 10 ಎಂ.ಎಂ. ಹೊಸದು ಹಾಕಿದೆ. ಮೇಲಿನ ತಟ್ಟೆಗೆ ಸ್ಟೀಲ್ ಸ್ಕೇಲ್ ಹಿಡಿದು ಸಂದಿ ಅಳೆಯುವ ತೆಳು ತಗಡಿನ ಫೀಲರ್ ಗೇಜ್ ತೂರಿಸಿದರೆ ನಡುವೆ 0.3 ಎಂ.ಎಂ. ತಗ್ಗು. ಅಷ್ಟನ್ನು ಸ್ಪಾಂಜು ನುಂಗಿಕೊಳ್ಳುತ್ತದೆ, ಮೇಲ್ಮೈ ತಿಕ್ಕಿಸುವ ಅಗತ್ಯವಿಲ್ಲ. ತಟ್ಟೆಗೆ ಅಂಟಿದ ಸುಟ್ಟ ಗೋಂದನ್ನು ಮಾತ್ರ ಬೆಚ್ಚಗಿರುವಾಗ ಒರಟು ಬಟ್ಟೆಯಲ್ಲಿ ಉಜ್ಜಿ ತೆಗೆದೆ. ಎಮರಿ ಹಾಳೆ ಮುಟ್ಟಿಸಬೇಡಿ. ತೂಗುವ ತೋಳಿನ ನಾಲ್ಕು ಬೋಲ್ಟುಗಳಿಗೆ ಶಿಮ್ (ತೆಳು ತಗಡಿನ ತುಂಡು) ಕೊಟ್ಟು, ನಾಲ್ಕು ಮೂಲೆಯಲ್ಲೂ ಸಿಕ್ಕಿಸಿದ ಪೇಪರ್ ಚೂರು ಒಂದೇ ಬಿಗಿಯಲ್ಲಿ ಎಳೆಯುವವರೆಗೆ ತಿರುಗಿಸಿದೆ. ಬೇಜಾರಿನ ಕೆಲಸ. ಬೇರೆ ದಾರಿಯಿಲ್ಲ.

ಮೊದಲ ಕಾವಿಗೆ ಹೊಗೆ ಬಂತು, ಹೊಸ ವೈರಿನ ಹೊದಿಕೆಯದ್ದು, ಸ್ವಲ್ಪ ಹೊತ್ತಿಗೆ ನಿಂತಿತು. ತಣಿಸಿ, ಬೋಲ್ಟು ಮತ್ತೆ ಬಿಗಿದು, ಆಮೇಲೆ ಕಂಟ್ರೋಲರಿನ ಆಟೋ ಟ್ಯೂನ್ ಓಡಿಸಿದೆ. ಆ ಹೊತ್ತಿನಲ್ಲಿ ಅದು ಬೇಕೆಂದೇ 200ರ ಮೇಲೆ ಕೆಳಗೆ ಓಲಾಡಿ ತಟ್ಟೆಯ ಗುಣ ಕಲಿಯುತ್ತದೆ, ಬಟ್ಟೆ ಇಡಬಾರದು. ಈಗ ಒಂಬತ್ತು ಮನೆಯಲ್ಲಿ 197ರಿಂದ 203ರ ಒಳಗೆ ನಿಲ್ಲುತ್ತದೆ. ಎಡ ಬಲ ತುದಿಯ ಒಂದಂಗುಲ ಇನ್ನೂ ಸ್ವಲ್ಪ ತಣ್ಣಗೆ. ಅಲ್ಲಿ ಚಿತ್ರ ಇಡುವುದಿಲ್ಲ ಎಂದು ಅಕ್ಕ ಒಪ್ಪಿಕೊಂಡರು. ಮೆಗ್ಗರ್ ಈಗ ನೂರು ಮೆಗಾಓಮಿನ ಮೇಲೆ.

ಬಿಳಿ ಪಾಲಿಯೆಸ್ಟರ್ ಮೇಲೆ 200 ಡಿಗ್ರಿ, 45 ಸೆಕೆಂಡು. ಕೆಳಗೆ ಕಂದು ಪೇಪರ್, ಇಲ್ಲದಿದ್ದರೆ ಬಣ್ಣದ ಆವಿ ಬಟ್ಟೆ ದಾಟಿ ಸ್ಪಾಂಜಿಗೆ ಹತ್ತಿ, ಮುಂದಿನ ಅಂಗಿಯ ಬೆನ್ನಿಗೆ ನಿನ್ನೆಯ ನಂಬರು ಬರುತ್ತದೆ. ಮೊದಲು ಖಾಲಿ ಬಟ್ಟೆಯನ್ನೇ ಐದು ಸೆಕೆಂಡು ಒತ್ತಿ ತೇವ ಹಾರಿಸುವುದು ಒಳ್ಳೆಯದು. ಕಿಟಕಿ ತೆರೆದಿರಲಿ, ಆ ವಾಸನೆ ಕುಡಿಯುತ್ತಾ ಕೂರಬೇಡಿ. ಹೆಸರಿನ ಸಾಲು ಈಗ ನಂಬರಿನಷ್ಟೇ ಕಪ್ಪು.

ಊರು ರೇಷ್ಮೆಯದಾದ್ದರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಗೂಡಿನ ಮಾರುಕಟ್ಟೆಗೆ ಹೋಗಿ ಬರುವ ರೀಲರ್ ಒಬ್ಬರು ಮೆಷಿನ್ ನೋಡಿ, "ನಮ್ ರೇಷ್ಮೆ ಬ್ಲೌಸ್ ಪೀಸ್ ಮೇಲೂ ಹಿಂಗೇ ಹೊಡೀಬೋದಾ?" ಎಂದರು. ಆಗುವುದಿಲ್ಲ. ರೇಷ್ಮೆ ಪ್ರೋಟೀನಿನ ಎಳೆ, ಶಾಖಕ್ಕೆ ಪಾಲಿಯೆಸ್ಟರಿನಂತೆ ಸಡಿಲಾಗಿ ಈ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಕೂತ ಬಣ್ಣ ಒಗೆದರೆ ಹೋಗುತ್ತದೆ, 200 ಡಿಗ್ರಿಗೆ ರೇಷ್ಮೆಯೇ ಹಳದಿಗಟ್ಟುತ್ತದೆ. ಅದಕ್ಕೆ ಆಸಿಡ್ ಬಣ್ಣ, ಆಮೇಲೆ ಹಬೆ ಕೊಟ್ಟು ಕೂರಿಸುವ ಹಾದಿಯೇ ಬೇರೆ. ಬ್ಲೌಸಿಗೆ ಮಿನುಗುವ ಕಲ್ಲು ಅಂಟಿಸಬೇಕಾದರೆ ಈ ಪ್ರೆಸ್ಸೇ ಸಾಕು: ಕಲ್ಲಿನ ಹಿಂದಿನ ಗೋಂದು 150-160 ಡಿಗ್ರಿಗೆ ಕರಗುತ್ತದೆ, ಹತ್ತು ಹದಿನೈದು ಸೆಕೆಂಡು, ಮೇಲೆ ಟೆಫ್ಲಾನ್ ಹಾಳೆ. ಹತ್ತಿ ಅಂಗಿಗೆ ಡಿಟಿಎಫ್ ಫಿಲ್ಮ್ (ಚಿತ್ರ ಅಚ್ಚಾಗಿ ಗೋಂದು ಹತ್ತಿಸಿದ ಪ್ಲಾಸ್ಟಿಕ್ ಹಾಳೆ) ಅಂಟಿಸುವುದೂ ಹೆಚ್ಚು ಕಡಿಮೆ ಇದೇ ಶಾಖಕ್ಕೆ. ಅಲ್ಲಿ ಬಣ್ಣ ಎಳೆಯೊಳಗೆ ಹೋಗುವುದಿಲ್ಲ, ಗೋಂದಿನ ಪದರವಾಗಿ ಮೇಲೆ ಕೂರುತ್ತದೆ. ಅಕ್ಕನ ಕಂಟ್ರೋಲರಿನ ಪಕ್ಕ ಈ ಅಂಕಿಗಳನ್ನು ಕಾಗದದಲ್ಲಿ ಬರೆದು ಅಂಟಿಸಿದ್ದೇನೆ.

ಬಾಕಿ ಉಳಿದದ್ದು ಹಿಡಿಯ ಬುಡದ ಪಿನ್. ಬುಷ್ ಸವೆದು, ಮುಚ್ಚುವಾಗ ತಟ್ಟೆ ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತದೆ. ಪೇಪರ್ ಅಲುಗಿದರೆ ಅಕ್ಷರಕ್ಕೆ ನೆರಳು ಬೀಳುತ್ತದೆ, ಸದ್ಯಕ್ಕೆ ಪೇಪರಿನ ಮೂಲೆಗಳಿಗೆ ಶಾಖದ ಟೇಪು ಹಾಕಿ ಸುಧಾರಿಸುತ್ತಿದ್ದಾರೆ. ಗನ್‌ಮೆಟಲ್ ಬುಷ್ ಲೇತಿನಲ್ಲಿ ಮಾಡಿಸಬೇಕು. ಅದಕ್ಕೆ ತೋಳನ್ನೇ ಬಿಚ್ಚಬೇಕಾಗುತ್ತದೆ. ರಾಜ್ಯೋತ್ಸವದ ಹಳದಿ ಅಂಗಿಗಳ ಆರ್ಡರ್ ಮುಗಿಯುವವರೆಗೆ ಮೆಷಿನ್ ಮುಟ್ಟಕೂಡದೆಂದು ಅಕ್ಕ ಹೇಳಿಬಿಟ್ಟಿದ್ದಾರೆ.